ಪ್ರೀತಿಪಾತ್ರೆ

ಕಣ್ಣಿನ ಪೊರೆ ತೋರಿಸಿಕೊಳ್ಳಲು ಹೋಗಿದ್ದೆ. ಡಾಕ್ಟರು ಕಣ್ಣಿಗೆ ಹನಿ ಬಿಟ್ಟು, ಸ್ವಲ್ಪ ಹೊತ್ತು ಏನೂ ಸರಿಯಾಗಿ ಕಾಣುವುದಿಲ್ಲ, ಜೊತೆಗೆ ಯಾರಾದರೂ ಬಂದಿದ್ದಾರಾ ಎಂದು ಕೇಳಿದರು. ಹೊರಗೆ ಕೂತಿದ್ದಾರೆ ಎಂದೆ. ಹೊರಗೆ ಯಾರೂ ಕೂತಿರಲಿಲ್ಲ. ಒಬ್ಬಳೇ ಬದುಕುವ ಹೆಂಗಸಿಗೆ ಇಂಥ ಸಣ್ಣ ಸುಳ್ಳುಗಳು ಮನೆಯ ಬೀಗದ ಕೈ ಇದ್ದ ಹಾಗೆ, ದಿನಾ ಬೇಕಾಗುತ್ತವೆ. ಕಾಂಪೌಂಡಿನ ಗೋಡೆ ಹಿಡಿದುಕೊಂಡು ಕನಕಪುರ ರಸ್ತೆಗೆ ಇಳಿದೆ. ಮೆಟ್ರೋ ಕಂಬಗಳು, ಬಸ್ಸುಗಳು, ಜನ ಎಲ್ಲ ಒಂದರೊಳಗೊಂದು ಕಲಸಿಹೋಗಿದ್ದವು. ಡಿಸೆಂಬರಿನ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಆಗ ಮೂಗಿಗೆ ಅವರೆಕಾಯಿಯ ಸೊಗಡು ಬಡಿಯಿತು.

ಫುಟ್‌ಪಾತಿನ ಮೇಲೆ ಯಾರೋ ರಾಶಿ ಸುರಿದುಕೊಂಡು ಕೂತಿದ್ದರು. "ಇದ್ಯಾವ ಸ್ಟಾಪಪ್ಪ?" ಎಂದು ಕೇಳಿದೆ. "ಜರಗನಹಳ್ಳಿ ಆಂಟಿ. ಕಾಯಿ ನೋಡಿ, ಎಲ್ಲ ಬಲಿತಿರೋದು, ಸೊಗಡು ಸಖತ್ತಾಗಿದೆ" ಎಂದ. ಬಗ್ಗಿ ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದೆ. ಕಣ್ಣು ನೆಟ್ಟಗಿದ್ದಿದ್ದರೆ ಈಗಿನ ಜರಗನಹಳ್ಳಿಯೇ ಕಾಣುತ್ತಿತ್ತು, ನಾನು ಕಾಯಿ ತೂಗಿಸಿಕೊಂಡು ಸುಮ್ಮನೆ ಬಸ್ಸು ಹತ್ತುತ್ತಿದ್ದೆ. ಕಾಣದ ಕಾರಣಕ್ಕೆ ಹಳೆಯದು ಎದ್ದು ಬಂತು. ಪುಟ್ಟತಾಯಮ್ಮನ ಹಿತ್ತಲು, ಹಿತ್ತಲ ಮೂಲೆಯ ನನ್ನ ಕೋಣೆ, ಮಂಚದ ಕೆಳಗೆ ಸಾಲಾಗಿ ಬೋರಲು ಹಾಕಿಟ್ಟ ಡಬರಿಗಳು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಜೆ.ಪಿ. ನಗರ ಎನ್ನುವುದು ಆಗ ಬಹುಮಟ್ಟಿಗೆ ಕಲ್ಲುಗಳ ಹೆಸರು. ಸೈಟಿನ ಗುರುತಿಗೆ ಹೊಲದ ನಡುವೆ ಕಲ್ಲು ನೆಟ್ಟಿದ್ದರು, ಕಲ್ಲುಗಳ ನಡುವೆ ಹೊಲದವರು ಇನ್ನೂ ರಾಗಿ ಚೆಲ್ಲುತ್ತಿದ್ದರು. ಅಲ್ಲೊಂದು ಇಲ್ಲೊಂದು ಹೊಸ ಮನೆ, ಅದರ ಮುಂದೆ ಮರಳಿನ ಗುಡ್ಡೆ. ಜರಗನಹಳ್ಳಿ ಅದರ ಪಕ್ಕದ ಹಳ್ಳಿ, ದನಕರು, ತಿಪ್ಪೆ, ಹಂಚಿನ ಮನೆ ಎಲ್ಲ ಇದ್ದ ನಿಜವಾದ ಹಳ್ಳಿ. ಸೈಟಿಗೆ ಜಮೀನು ಹೋಗಿ ಉಳಿದವರು ಹಿತ್ತಲಲ್ಲಿ ಒಂದೊಂದು ಕೋಣೆ ಎಬ್ಬಿಸಿ ಬಾಡಿಗೆಗೆ ಕೊಡುವುದನ್ನು ಆಗತಾನೇ ಕಲಿಯುತ್ತಿದ್ದರು. ಅಂಥ ಒಂದು ಕೋಣೆಗೆ ನಾನು ಜೂನ್ ತಿಂಗಳ ಮೊದಲ ಮಳೆಯಲ್ಲಿ ಒಂದು ಟ್ರಂಕು, ಒಂದು ಪಂಪ್ ಸ್ಟವ್ ಹಿಡಿದುಕೊಂಡು ಬಂದೆ. ಒಂದು ವರ್ಷ ಇದ್ದೆ.

ನನ್ನ ಹೆಸರು ರೂತ್. ಅಪ್ಪ ಕನಕಪುರದಾಚೆಯ ಒಂದು ಸಣ್ಣ ಊರಿನ ಸಭೆಯಲ್ಲಿ ಉಪದೇಶಿಯಾಗಿದ್ದರು. ನಾವು ಅಯ್ಯನವರು ಎಂದು ಕರೆಯುತ್ತಿದ್ದ ಪಾದ್ರಿಗಳು ತಿಂಗಳಿಗೊಮ್ಮೆ ಬಂದು ಸಂಸ್ಕಾರ ಕೊಟ್ಟು ಹೋಗುವರು. ಉಳಿದ ಭಾನುವಾರಗಳ ಆರಾಧನೆ, ಪ್ರಾರ್ಥನೆ, ಪಾಠ ಎಲ್ಲ ಅಪ್ಪನದು. ಸಂಸ್ಕಾರವೆಂದರೆ ನಮ್ಮಲ್ಲಿ ಪ್ರಭುವಿನ ಮೇಜಿನ ಊಟ. ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಆ ದ್ರಾಕ್ಷಾರಸದ ಬಟ್ಟಲಿಗೆ ನಮ್ಮ ಸಭೆಗಳಲ್ಲಿ ಪಾತ್ರೆ ಎನ್ನುವುದು ರೂಢಿ. ಸಂಸ್ಕಾರದ ಹಿಂದಿನ ಶನಿವಾರ ಸಂಜೆ ಅಪ್ಪ ನಮ್ಮನ್ನೆಲ್ಲ ಚಾಪೆಯ ಮೇಲೆ ಕೂರಿಸಿಕೊಂಡು, "ಅಪಾತ್ರರಾಗಿ ಆ ಪಾತ್ರೆ ಮುಟ್ಟಬೇಡಿ" ಎನ್ನುತ್ತಿದ್ದರು. ಯಾರೊಂದಿಗಾದರೂ ಮುನಿಸಿದ್ದರೆ ಮೊದಲು ಹೋಗಿ ರಾಜಿಯಾಗಿ ಬರಬೇಕು. ಪೆನ್ಸಿಲಿಗಾಗಿ ತಮ್ಮನ ಜೊತೆ ಕಿತ್ತಾಡಿದ್ದಕ್ಕೆ ನಾನು ಶನಿವಾರ ಸಂಜೆ ಅವನ ಕೈಹಿಡಿದು ಕ್ಷಮೆ ಕೇಳಿದ್ದುಂಟು. ಅವನು ಅದನ್ನೇ ಕಾದಿದ್ದು ಹಲ್ಲು ಕಿರಿಯುತ್ತಿದ್ದ. ದೇವರು ಪ್ರೀತಿ ಎಂದು ಅಪ್ಪ ಪೀಠದಿಂದ ಹೇಳುತ್ತಿದ್ದರು, ಆದರೆ ಮನೆಯಲ್ಲಿ ನಾವು ಬೆಳೆದದ್ದು ಸದಾ ಪರೀಕ್ಷೆ ಇಡುವ ದೇವರ ಜೊತೆ.

ಮದುವೆಯಾಯಿತು, ಮಕ್ಕಳಾಗಲಿಲ್ಲ. ಅತ್ತೆಯ ಮಾತು ದಿನದಿನಕ್ಕೆ ಖಾರವಾಯಿತು, ಗಂಡನ ಮಾತು ದಿನದಿನಕ್ಕೆ ಕಡಿಮೆಯಾಯಿತು. ಒಂದು ದಿನ ಅವರೇ ಬಸ್ಸು ಹತ್ತಿಸಿ, ಸ್ವಲ್ಪ ದಿನ ತವರಲ್ಲಿದ್ದು ಬಾ ಎಂದರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಅಪ್ಪ ಹೋಗಿ ಮಾತಾಡಿ ಬಂದರು, ನಾನೂ ಹೋಗಿ ಬಾಗಿಲು ತಟ್ಟಿ ಬಂದೆ. ಊರಿನಲ್ಲಿ ಮಾತ್ರ ರೂತ್ ಗಂಡನನ್ನು ಬಿಟ್ಟು ಬಂದಿದ್ದಾಳಂತೆ ಎಂದಾಯಿತು.

ಅಯ್ಯನವರು ಬಂದ ಭಾನುವಾರ ಎಲ್ಲರೂ ಮೇಜಿನ ಕಡೆ ಸಾಲುಗಟ್ಟಿದರು. ಅಪ್ಪ ಅಯ್ಯನವರ ಪಕ್ಕದಲ್ಲಿ ರೊಟ್ಟಿಯ ತಟ್ಟೆ ಹಿಡಿದು ನಿಂತಿದ್ದರು. ನಾನೂ ಎದ್ದೆ. ಅಪ್ಪ ನನ್ನನ್ನು ನೋಡಿ, ಬೇರೆ ಯಾರಿಗೂ ಕಾಣದ ಹಾಗೆ, ಸಣ್ಣಗೆ ತಲೆ ಆಡಿಸಿದರು. ಬೇಡ ಎಂದು. ನಾನು ಕೂತೆ. ಪಕ್ಕದಲ್ಲಿದ್ದ ಅಮ್ಮ ಎದ್ದು ಹೋಗಿ, ಕೈಮುಗಿದುಕೊಂಡು ವಾಪಸು ಬಂದು ಕೂತರು. ಅವತ್ತು ಅಪ್ಪನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅದೇ ನನ್ನ ದೊಡ್ಡ ಕಷ್ಟ. ಅಪ್ಪ ಹೇಳಿದ್ದು ಸರಿ ಎಂದೇ ನನಗೂ ಅನ್ನಿಸಿತ್ತು.

ಬೆಂಗಳೂರಿಗೆ ಬಂದು ಜಯನಗರದ ಒಂದು ಅಚ್ಚುಕೂಟದಲ್ಲಿ ಪ್ರೂಫ್ ನೋಡುವ ಕೆಲಸ ಹಿಡಿದೆ. ಅಲ್ಲಿ ಬಿಲ್ಲು, ರಸೀದಿ ಎಲ್ಲ ಅಚ್ಚಾಗುತ್ತಿದ್ದರೂ ಹೊಟ್ಟೆ ತುಂಬುತ್ತಿದ್ದುದು ಮದುವೆ ಕಾರ್ಡಿನಿಂದ. ಗಂಡ ಕಳಿಸಿದವಳು ದಿನವಿಡೀ ಊರವರ ಮದುವೆಯ ಕಾಗುಣಿತ ತಿದ್ದುತ್ತಿದ್ದೆ. ಇದರಲ್ಲಿ ನಗು ಬರುವಂಥದ್ದು ಏನೋ ಇದೆ ಎಂದು ಗೊತ್ತಾಗುವಷ್ಟು ನೆಮ್ಮದಿ ಆಗ ಇರಲಿಲ್ಲ. ಉಳಿದ ಪ್ರೂಫನ್ನು ಸಂಜೆ ಕೋಣೆಗೆ ತಂದು ಗಟ್ಟಿಯಾಗಿ ಓದುತ್ತಿದ್ದೆ. ಗಟ್ಟಿಯಾಗಿ ಓದಿದರೆ ತಪ್ಪು ಸಿಗುತ್ತದೆ ಎಂದು ಮಾಲೀಕರಿಗೆ ಹೇಳಿದ್ದೆ. ಆ ಕೋಣೆಯಲ್ಲಿ ಒಂದು ಮನುಷ್ಯರ ದನಿ ಕೇಳಲಿ ಎಂಬುದು ನಿಜವಾದ ಕಾರಣ. ಚಿರಂಜೀವಿ, ಸೌಭಾಗ್ಯವತಿ, ಸಕುಟುಂಬ ಸಪರಿವಾರ ಎಂದು ಓದುತ್ತಾ ಓದುತ್ತಾ ಸ್ವಂತ ಪ್ರಾರ್ಥನೆ ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಮೊಣಕಾಲೂರುತ್ತಿದ್ದೆ, "ಕರ್ತನೇ" ಎನ್ನುತ್ತಿದ್ದೆ, ಅಲ್ಲಿಗೆ ನಿಲ್ಲುತ್ತಿತ್ತು.

ಕೋಣೆಯ ಬಾಗಿಲಲ್ಲಿ ನಿಂತರೆ ಕನಕಪುರ ರಸ್ತೆ ಕಾಣುತ್ತಿತ್ತು. ನಮ್ಮ ಊರಿನ ಬಸ್ಸು ಅದೇ ರಸ್ತೆಯಲ್ಲಿ ಹೋಗುವುದು. ಸಂಜೆ ಬಸ್ಸಿನ ದೀಪ ದೂರದಿಂದ ಬಂದು, ನಮ್ಮ ಹಿತ್ತಲನ್ನು ಒಂದು ಗಳಿಗೆ ಬೆಳಗಿಸಿ, ತಿರುವಿನಲ್ಲಿ ಮರೆಯಾಗುತ್ತಿತ್ತು. ಅದರ ಹಿಂದೆ ಕತ್ತಲು, ರಾಗಿ ಹೊಲದ ಗಾಳಿ, ಕಪ್ಪೆ. ಕೈಚಾಚಿ ನಿಲ್ಲಿಸಿದ್ದರೆ ಊಟದ ಹೊತ್ತಿಗೆ ಅಮ್ಮನ ಮುಂದೆ ಇರಬಹುದಿತ್ತು. ನಾನು ಒಂದು ದಿನವೂ ಕೈಚಾಚಲಿಲ್ಲ.

ಮನೆಯೊಡತಿ ಪುಟ್ಟತಾಯಮ್ಮ ಐವತ್ತು ದಾಟಿದ ಗಟ್ಟಿ ಹೆಂಗಸು. ಗಂಡ ಇಲ್ಲ, ಮಗ ಸೊಸೆ ಮೊಮ್ಮಕ್ಕಳ ದೊಡ್ಡ ಸಂಸಾರ, ಎರಡು ಎಮ್ಮೆ. ಮೊದಲ ದಿನವೇ ವಿಚಾರಣೆ ನಡೆಸಿದರು.

"ಯಾವ ಪೈಕಿ ನೀವು?"

"ಕ್ರಿಶ್ಚಿಯನ್ ಅಮ್ಮ."

"ಕಿಲಸ್ತರಾ? ಮತ್ತೆ ಕುಂಕ್ಮ ಇಟ್ಟಿದೀಯ."

"ನಮ್ಮ ಕಡೆ ಕೆಲವರು ಇಟ್ಕೋತೀವಿ."

"ಇಟ್ಕೊ, ಇಟ್ಕೊ. ಗಂಡ?"

"ಊರಲ್ಲಿದಾರೆ."

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಇರ್ಲಿ ಬುಡು. ನೀರು ಮಾತ್ರ ದಿನಕ್ಕೆ ಎಲ್ಡೇ ಬಿಂದ್ಗೆ. ಬಾವಿ ನಮ್ಮಪ್ಪಂದಲ್ಲ" ಎಂದರು. ಬಾವಿ ಅವರ ಮಾವನದಂತೆ, ಆಮೇಲೆ ಗೊತ್ತಾಯಿತು.

ಆ ವಾರವೇ ಒಂದು ಡಬರಿ ಬಂತು. ಹುರುಳಿಕಾಳಿನ ಬಸ್ಸಾರು, ಮೇಲೊಂದು ಮುದ್ದೆ. "ಒಬ್ಳಿಗೆ ಏನ್ ಬೇಯ್ಸ್ಕತೀಯ, ತಿನ್ನು" ಎಂದು ಹೊಸ್ತಿಲ ಮೇಲಿಟ್ಟು ಹೋದರು. ತಿಂದೆ, ತೊಳೆದೆ. ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ರೀತಿ ಒಂದಿದೆ, ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಿಕೊಡಬೇಕು. ನಾನು ಜಯನಗರದಿಂದ ಬಾಳೆಹಣ್ಣು ತಂದು ತುಂಬಿಸಿ ಕೊಟ್ಟೆ. ಮುಂದಿನ ಸಲ ಬಿಸ್ಕತ್ತು. ಗೌರಿ ಹಬ್ಬದ ಒಬ್ಬಟ್ಟಿನ ಡಬರಿಗೆ ಒಂದು ಮೊಳ ಮಲ್ಲಿಗೆ, ಮೇಲೆ ಎರಡು ಸೇಬು. ಅವರು ಕೊಟ್ಟದ್ದಕ್ಕಿಂತ ಒಂದು ಕೈ ಮೇಲೆಯೇ ಇರಬೇಕು ಎಂಬ ಹಠ. ಯಾರ ಉಪಕಾರವೂ ನನ್ನ ಮೇಲೆ ಉಳಿಯಬಾರದು. ಪುಟ್ಟತಾಯಮ್ಮ ಸೇಬನ್ನು ತಿರುಗಿಸಿ ತಿರುಗಿಸಿ ನೋಡಿ, "ಇದ್ಯಾಕವ್ವ, ನಂಗೇನು ಜರ ಬಂದದಾ?" ಎಂದಿದ್ದರು.

ಭಾನುವಾರ ಜಯನಗರದಾಚೆಯ ಒಂದು ಕನ್ನಡ ಸಭೆಗೆ ಹೋಗುತ್ತಿದ್ದೆ. ಬಾಗಿಲ ಪಕ್ಕದ ಕೊನೆಯ ಬೆಂಚು ನನ್ನದು. ಯಾರಾದರೂ ಮಾತಾಡಿಸಿಯಾರು ಎಂದು ಕಡೆಯ ಆಶೀರ್ವಾದ ಮುಗಿಯುವ ಮೊದಲೇ ಎದ್ದುಬಿಡುವುದು. ಯಾರೂ ಮಾತಾಡಿಸಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಕೊರಗುವುದು. ತಿಂಗಳ ಮೊದಲ ಭಾನುವಾರ ಅಲ್ಲಿ ಸಂಸ್ಕಾರ. ಜನ ಮೇಜಿನ ಕಡೆ ಏಳುವ ಹಾಡು ಶುರುವಾದ ಕೂಡಲೇ ನಾನು ಹೊರಗೆ ಬಂದು ಬಸ್‌ಸ್ಟಾಪಿನಲ್ಲಿ ನಿಲ್ಲುತ್ತಿದ್ದೆ. ಅಲ್ಲಿಗೂ ಹಾಡು ಕೇಳುತ್ತಿತ್ತು. ಅಲ್ಲಿ ನನ್ನನ್ನು ತಡೆಯುವ ಅಪ್ಪ ಇರಲಿಲ್ಲ, ನನ್ನ ಕಥೆ ಯಾರಿಗೂ ಗೊತ್ತಿರಲಿಲ್ಲ. ಆದರೂ ಕಾಲು ಮುಂದೆ ಹೋಗುತ್ತಿರಲಿಲ್ಲ. ದೇವರಿಗೆ ನಾನು ಬೇಡವಾಗಿದ್ದೇನೆ, ಬೇಕಾಗಬೇಕಾದರೆ ಮೊದಲು ನೆಟ್ಟಗಾಗಬೇಕು, ನೆಟ್ಟಗಾಗುವ ದಾರಿ ಗಂಡನ ಮನೆಯ ಮುಚ್ಚಿದ ಬಾಗಿಲ ಒಳಗಿದೆ. ಆ ವರ್ಷ ನನ್ನ ಎದೆಯ ಮೇಲೆ ಕೂತಿದ್ದುದು ಇಷ್ಟೇ.

ಮಳೆ ಹಿಡಿದರೆ ಬಿಡದಂಥ ಸೆಪ್ಟೆಂಬರಿನಲ್ಲಿ ಕಾಮಾಲೆಯಾಯಿತು. ಕಣ್ಣು, ಉಗುರು ಎಲ್ಲ ಹಳದಿ. ಎದ್ದು ನಿಂತರೆ ಗೋಡೆ ಓಲಾಡುತ್ತಿತ್ತು. ಕೆಲಸಕ್ಕೆ ಹೋಗಲಾಗಲಿಲ್ಲ, ಊರಿಗೆ ಹೇಳಿಕಳಿಸಲು ಮನಸ್ಸಾಗಲಿಲ್ಲ. ಹೆಂಚಿನ ಮೇಲೆ ಮಳೆ ಸುರಿಯುವುದನ್ನು ಕೇಳುತ್ತಾ ಮಲಗಿದ್ದೆ. ನಾನು ಇಲ್ಲಿ ಸತ್ತರೆ ಮೊದಲು ಗೊತ್ತಾಗುವುದು ಯಾರಿಗೆ ಎಂದು ಯೋಚಿಸಿ, ಎಮ್ಮೆಗಳಿಗೆ ಎಂದು ಉತ್ತರ ಹುಡುಕಿಕೊಂಡೆ. ಅವುಗಳ ಕೊಟ್ಟಿಗೆ ನನ್ನ ಗೋಡೆಗೆ ಅಂಟಿಕೊಂಡಿತ್ತು.

ಗೊತ್ತಾದದ್ದು ಪುಟ್ಟತಾಯಮ್ಮನಿಗೆ. ನೀರಿಗೆ ಬರಲಿಲ್ಲವಲ್ಲ ಎಂದು ಬೈಯಲು ಬಂದವರು ಕಣ್ಣಿನ ರೆಪ್ಪೆ ಎಳೆದು ನೋಡಿ, ಹೊರಟುಹೋದರು. ಅವತ್ತಿನಿಂದ ಬೆಳಗ್ಗೆ ನೆಲನೆಲ್ಲಿ ಅರೆದು ಹಾಕಿದ ಮಜ್ಜಿಗೆ, ಮಧ್ಯಾಹ್ನ ಉಪ್ಪಿಲ್ಲದ ಗಂಜಿ, ಸಂಜೆ ಮತ್ತೆ ಗಂಜಿ. ಪ್ರತಿ ಸಲ ಒಂದು ಡಬರಿಯೋ ತಂಬಿಗೆಯೋ ಬರುವುದು. ನಾನು ಹೇಗೋ ಎದ್ದು ಅದನ್ನು ತೊಳೆಯುವೆ. ತುಂಬಿಸಿ ಕೊಡಲು ಏನೂ ಇಲ್ಲ, ಸಕ್ಕರೆ ಡಬ್ಬಿಯೂ ಖಾಲಿ. ಹಾಗಾಗಿ ಮಂಚದ ಕೆಳಗೆ ಬೋರಲು ಹಾಕಿಡುವೆ, ವಾಸಿಯಾದ ಮೇಲೆ ಎಲ್ಲದಕ್ಕೂ ಏನಾದರೂ ಹಾಕಿ ಒಟ್ಟಿಗೆ ಕೊಡೋಣ ಎಂದು. ಡಬರಿಗಳ ಸಾಲು ಮಂಚದ ಈ ಕಾಲಿನಿಂದ ಆ ಕಾಲಿಗೆ ಬೆಳೆಯಿತು.

ಒಂದು ಮಧ್ಯಾಹ್ನ ಪುಟ್ಟತಾಯಮ್ಮ ಗಂಜಿಯನ್ನು ಹಾಲು ಕರೆಯುವ ಚೊಂಬಿನಲ್ಲಿ ತಂದರು. ಮುಖ ಗಂಟು ಹಾಕಿಕೊಂಡಿತ್ತು.

"ಅಲ್ಲ ಕಣೆ ರುತ್ತಮ್ಮ, ನಮ್ಮನೆ ಡಬ್ರಿಗೊಳೆಲ್ಲ ಎಲ್ಲೋದೊ? ನನ್ ಸೊಸೆ ಹುಳಿ ಕಾಯ್ಸಕೆ ಪಾತ್ರೆ ಇಲ್ಲ ಅಂತ ಬೆಳಗ್ಗಿಂದ ಕುಣೀತಾವ್ಳೆ."

ಅವರು ಬಗ್ಗಿ ಮಂಚದ ಕೆಳಗೆ ನೋಡಿದರು. ನೋಡುತ್ತಲೇ ಇದ್ದರು.

"ಇದೇನೆ ಇದು, ಪಾತ್ರೆ ಅಂಗ್ಡಿ ಇಟ್ಟಿದೀಯ?"

"ಖಾಲಿ ಪಾತ್ರೆ ಹೇಗಮ್ಮ ಕೊಡ್ಲಿ? ಹಾಕಿಕೊಡೋಕೆ ನನ್ನ ಹತ್ರ ಏನೂ ಇಲ್ಲ." ಹೇಳುವಾಗ ಅಳು ಬಂತು. ಕಾಮಾಲೆಯ ನಿಶ್ಶಕ್ತಿ ಎಂದುಕೊಂಡೆ.

ಪುಟ್ಟತಾಯಮ್ಮನಿಗೆ ಕನಿಕರ ಬರಲಿಲ್ಲ, ರೇಗಿತು. ಡಬರಿಗಳನ್ನು ಒಂದೊಂದಾಗಿ ದಡದಡ ಎಳೆದು ಒಂದರೊಳಗೊಂದು ಕೂರಿಸುತ್ತಾ ಬೈದರು. "ನೀನ್ ಇಲ್ಲಿ ಬೋರ್ಲಾಕ್ಕೊಂಡ್ ಕೂತ್ರೆ ನಾನು ಯಾತ್ರಲ್ಲಿ ತರ್ಲಿ? ನನ್ ತಲೇಲಾ? ಖಾಲಿ ಪಾತ್ರೆ ಕೊಟ್ರೆ ತಾನೆ ಇನ್ನೊಂದ್ ಕಿತ ತುಂಬ್ಸಕಾಗದು. ಓದ್ದೋಳಂತೆ ಓದ್ದೋಳು."

"ನಿಮಗೆ ನಾನು ಏನಾಗಬೇಕಮ್ಮ, ಇಷ್ಟೆಲ್ಲ ಮಾಡೋಕೆ" ಎಂದೆ.

"ಏನಾಗ್ಬೇಕು? ನಮ್ಮನೇಲಿದೀಯ" ಎಂದರು. ಅದಕ್ಕಿಂತ ದೊಡ್ಡ ಕಾರಣ ಬೇಕೆಂದು ಅವರಿಗೆ ಹೊಳೆದ ಹಾಗೆ ಕಾಣಲಿಲ್ಲ. ಡಬರಿಗಳ ಗೋಪುರವನ್ನು ಸೊಂಟಕ್ಕೆ ಆನಿಸಿಕೊಂಡು, ಮಳೆಗೆ ತಲೆಯ ಮೇಲೆ ಸೆರಗು ಎಳೆದುಕೊಂಡು ಹಿತ್ತಲು ದಾಟಿ ಹೋದರು. ಸಂಜೆ ಗಂಜಿ ಡಬರಿಯಲ್ಲೇ ಬಂತು. ನಾನು ಕುಡಿದು, ತೊಳೆದು, ಬರಿದನ್ನೇ ಹೊಸ್ತಿಲ ಹೊರಗಿಟ್ಟೆ. ಸೊಸೆ ಬಂದು ಎತ್ತಿಕೊಂಡು ಹೋದಳು, ಏನೂ ಅನಾಹುತವಾಗಲಿಲ್ಲ.

ಕಾರ್ತಿಕ ಮಾಸದಲ್ಲಿ ಮತ್ತೆ ಕೆಲಸಕ್ಕೆ ಹೋದೆ. ಲಗ್ನದ ಕಾಲ, ಕಾರ್ಡುಗಳ ರಾಶಿ. ನನ್ನ ತಲೆ ಇನ್ನೂ ಅರ್ಧ ಮಂಚದ ಕೆಳಗೆ ಇತ್ತು. ಒಂದು ಕಾರ್ಡಿನಲ್ಲಿ ವಧುವಿನ ತಂದೆ "ನಮ್ಮ ಪ್ರೀತಿಪಾತ್ರ ಮಗಳು" ಎಂದು ಬರೆದುಕೊಟ್ಟಿದ್ದರು. ಅಚ್ಚಿನ ಮೊಳೆ ಜೋಡಿಸುವಾಗ ತ್ರ ಅಕ್ಷರದ ತಲೆಕಟ್ಟಿನ ಜಾಗದಲ್ಲಿ ಎತ್ವ ಬಂದಿತ್ತು. ನಾನು ಗಟ್ಟಿಯಾಗಿಯೇ ಓದಿ, ತಲೆದೂಗಿ, ಸರಿ ಎಂದು ಗುರುತು ಹಾಕಿಬಿಟ್ಟೆ. ಕಾರ್ಡುಗಳು ಅಚ್ಚಾಗಿ, ಅರಿಶಿನ ಹಚ್ಚಿಸಿಕೊಂಡು, ಮೊದಲ ಕಟ್ಟು ಮನೆಗೂ ಹೋಯಿತು. ಮಾರನೆಯ ಬೆಳಗ್ಗೆ ವಧುವಿನ ತಂದೆ ಕಾರ್ಡು ಬೀಸುತ್ತಾ ಬಂದರು.

"ಪ್ರೀತಿಪಾತ್ರೆ ಮಗಳು ಅಂತ ಹಾಕಿದೀರಲ್ರೀ. ನಮ್ ಹುಡುಗಿ ಪಾತ್ರೆನೇನ್ರೀ? ಮೊದ್ಲೇ ಬೀಗರು ಪಾತ್ರೆ-ಪಡಗ ಏನೇನ್ ಕೊಡ್ತೀರ ಅಂತ ಪ್ರಾಣ ತಿಂತಿದಾರೆ. ಈಗ ಕಾರ್ಡಲ್ಲೇ ಒಪ್ಕೊಂಡಂಗಾಯ್ತು."

ಮಾಲೀಕರು ನನ್ನ ಕಡೆ ತಿರುಗಿದರು. ನಾನು ಕಾರ್ಡು ತೆಗೆದುಕೊಂಡು ಓದಿದೆ. ಪ್ರೀತಿಪಾತ್ರೆ. ನನಗೆ ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ, ಬಾಯಿಗೆ ಸೆರಗು ಹಿಡಿದು ನಕ್ಕೆ. ಬೆಂಗಳೂರಿಗೆ ಬಂದ ಮೇಲೆ ಮೊದಲ ಸಲ ನಕ್ಕಿದ್ದು ಅದೇ ಇರಬೇಕು. ವಧುವಿನ ತಂದೆಯೂ ಒಂದು ಗಳಿಗೆ ನೋಡಿ, ತಡೆಯಲಾರದೆ ಮೀಸೆಯಡಿಯಲ್ಲಿ ನಕ್ಕುಬಿಟ್ಟರು. ಮಾಲೀಕರೊಬ್ಬರೇ ನಗಲಿಲ್ಲ, ಕಾರ್ಡನ್ನು ಮತ್ತೆ ಅಚ್ಚು ಹಾಕಬೇಕಾಗಿದ್ದುದು ಅವರು. ನಗುತ್ತಾ ನಗುತ್ತಾ ನನ್ನ ಕಣ್ಣಲ್ಲಿ ನೀರು ಶುರುವಾಯಿತು. ಹಿಂದಿನ ಕೋಣೆಗೆ ಹೋಗಿ ಕಾಗದದ ಕಟ್ಟಿನ ಮೇಲೆ ಕೂತೆ.

ಪಾತ್ರ, ಅಪಾತ್ರ ಎಂದು ಬಾಲ್ಯದಿಂದ ಕೇಳಿದ್ದೆ. ಪಾತ್ರಳಾಗಬೇಕು, ಯೋಗ್ಯಳಾಗಬೇಕು, ಆಮೇಲೆ ಮೇಜಿಗೆ ಹೋಗಬೇಕು. ಒಂದು ಎತ್ವ ಬಿದ್ದು ಆ ಮಾತು ಅಡುಗೆಮನೆಗೆ ಬಂದು ಕೂತಿತ್ತು. ಪಾತ್ರೆ ಏನು ಮಾಡಬೇಕು? ಬರಿದಾಗಿ ಬಾಯಿ ಮೇಲೆ ಮಾಡಿಕೊಂಡಿದ್ದರೆ ಸಾಕು. ನಾನು ಇಷ್ಟು ದಿನ ದೇವರ ಮುಂದೆಯೂ ಬೋರಲು ಬಿದ್ದುಕೊಂಡು, ಹಾಕಿಕೊಡಲು ನನ್ನ ಹತ್ತಿರ ಏನೂ ಇಲ್ಲ ಎಂದು ಅಡಗಿಕೊಂಡಿದ್ದೆ. ಪುಟ್ಟತಾಯಮ್ಮ ಬೈದ ಹಾಗೆ ನನ್ನನ್ನು ಬೈಯಲು ಆತನಿಗೆ ಅವಕಾಶವನ್ನೇ ಕೊಟ್ಟಿರಲಿಲ್ಲ. ಅವತ್ತು ಆ ಮಸಿಯ ವಾಸನೆಯ ಕೋಣೆಯಲ್ಲಿ "ಕರ್ತನೇ" ಎಂದ ಮೇಲೆ ಇನ್ನೂ ಎರಡು ಮಾತು ಬಂದವು. ಅವು ಏನೆಂದು ಇಲ್ಲಿ ಬರೆಯುವುದಿಲ್ಲ.

ಡಿಸೆಂಬರ್ ಬಂತು, ಅವರೆಕಾಯಿ ಬಂತು. ಮೊದಲ ಭಾನುವಾರದ ಹಿಂದಿನ ಸಂಜೆ ಪುಟ್ಟತಾಯಮ್ಮನ ಜಗಲಿಯಲ್ಲಿ ಕೂತು ಅವರೆಕಾಳು ಹಿತುಕಿದೆ. ನೆನೆಸಿದ ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಹೊರಬರುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ನನ್ನ ಬೇಳೆಗಳು ಮೊರ ಬಿಟ್ಟು ಮೊಮ್ಮಕ್ಕಳ ತಲೆಯ ಮೇಲೆ ಹೋಗಿ ಬೀಳುತ್ತಿದ್ದವು. "ಅದ್ನೇನ್ ಗುಂಡ್ ಹೊಡ್ದಂಗೆ ಹೊಡೀತೀಯ" ಎಂದು ಪುಟ್ಟತಾಯಮ್ಮ ಗದರಿದರು. ಬೆಳಗ್ಗೆ ಸೋಪು ಹಾಕಿ ಎಷ್ಟು ತೊಳೆದರೂ ಕೈಯ ಸೊಗಡು ಹೋಗಲಿಲ್ಲ.

ಅದೇ ಕೈಯಲ್ಲಿ ಸಭೆಗೆ ಹೋದೆ. ಹಾಡು ಶುರುವಾಯಿತು, ಜನ ಎದ್ದರು. ಬಾಗಿಲು ಪಕ್ಕದಲ್ಲೇ ಇತ್ತು. ನಾನು ಮೇಜಿನ ಕಡೆ ತಿರುಗಿ, ಸಾಲಿನ ಕೊನೆಯಲ್ಲಿ ಸೇರಿಕೊಂಡೆ. ಎಲ್ಲಿಂದಲೋ ಅಪ್ಪ ತಲೆ ಆಡಿಸುತ್ತಾರೆ ಎಂದು ಕಾಯುತ್ತಾ ಹೆಜ್ಜೆ ಇಟ್ಟೆ. ಮೇಜಿನ ಮುಂದಿನ ಮರದ ಕಟಕಟೆಯ ಬಳಿ ಮೊಣಕಾಲೂರಿ ಒಂದರ ಮೇಲೊಂದು ಅಂಗೈ ಇಟ್ಟು ಚಾಚಿದೆ. ಬರಿಗೈ, ಅವರೆಕಾಯಿ ಘಾಟು. ಅಲ್ಲಿನ ಅಯ್ಯನವರು ರೊಟ್ಟಿಯ ಚೂರು ಇಟ್ಟರು. ಆಮೇಲೆ ಪಾತ್ರೆ ಬಂತು. ನನಗೆ ದರ್ಶನವೇನೂ ಆಗಲಿಲ್ಲ. ದ್ರಾಕ್ಷಾರಸ ಸಿಹಿಯಾಗಿತ್ತು, ನನಗಾಗಿ ಉಳಿದಿತ್ತು. ಬೇಡ ಎಂದು ಯಾರೂ ಹೇಳಲಿಲ್ಲ.

ಅಂದಿನಿಂದ ಒಂಟಿತನ ಹೋಯಿತು ಎಂದರೆ ಸುಳ್ಳಾಗುತ್ತದೆ. ಕೋಣೆ ಅದೇ, ಸಂಜೆಯ ಬಸ್ಸು ಅದೇ, ಅದು ಹೋದ ಮೇಲಿನ ಕತ್ತಲು ಅದೇ. ಗಂಡನ ಮನೆಯ ಬಾಗಿಲು ಆಮೇಲೂ ತೆರೆಯಲಿಲ್ಲ, ಇವತ್ತಿಗೂ ಡಾಕ್ಟರ ಮುಂದೆ ಹೊರಗೆ ಕೂತಿದ್ದಾರೆ ಎನ್ನುತ್ತೇನೆ. ಆದರೆ ನಾನು ಯಾರಿಗೂ ಬೇಡವಾದವಳು ಎಂದು ಒಳಗೊಂದು ದನಿ ಹೇಳುತ್ತಿತ್ತಲ್ಲ, ಅದರ ಮಾತನ್ನು ನಂಬುವುದು ಬಿಟ್ಟೆ. ಒಬ್ಬಳೇ ಇರುವುದು ಬೇರೆ, ಬೇಡವಾಗಿರುವುದು ಬೇರೆ ಎಂದು ಗೊತ್ತಾಯಿತು.

ಜನವರಿಯ ಒಂದು ಶನಿವಾರ ಸಂಜೆ ಊರಿನ ಕಡೆಯಿಂದ ಬಂದ ಬಸ್ಸು ನಮ್ಮ ಹಿತ್ತಲ ಎದುರು ನಿಂತಿತು. ಅಪ್ಪ ಇಳಿದರು. ಕೈಯಲ್ಲಿ ಕೊಡೆ, ಹೆಗಲಲ್ಲಿ ಬಟ್ಟೆಯ ಚೀಲ. "ಉಪದೇಶಿಗಳ ಕೂಟ ಇತ್ತು ಸೋಮವಾರಕ್ಕೆ. ಬಸ್ಸು ಇಲ್ಲೇ ಹಾದುಹೋಗುತ್ತಲ್ಲ, ಇಳಿದೆ" ಎಂದರು. ಸೋಮವಾರದ ಕೂಟಕ್ಕೆ ಶನಿವಾರವೇ ಯಾಕೆ ಬಂದಿರಿ ಎಂದು ನಾನು ಕೇಳಲಿಲ್ಲ. ಮಂಚದ ಅಂಚಿನಲ್ಲಿ ಕೂತು ಕೋಣೆಯನ್ನೆಲ್ಲ ನೋಡಿದರು. ಕಾಫಿ ಕುಡಿದ ಮೇಲೆ, ಲೋಟದ ತಳ ನೋಡುತ್ತಾ ಮಾತು ತೆಗೆದರು.

"ಸಂಸ್ಕಾರ ತಗೊಂಡ್ಯಂತೆ. ಯಾರೋ ನೋಡಿದೋರು ಹೇಳಿದ್ರು."

"ಹೂಂ ಅಪ್ಪ."

"ಅಲ್ಲಿ ಇನ್ನೂ ರಾಜಿ ಆಗಿಲ್ಲ."

"ರಾಜಿಯಾಗೋಕೆ ಅವರು ಬಾಗಿಲು ತೆಗೀಬೇಕಲ್ಲಪ್ಪ."

"ಹಂಗಾದ್ರೆ ಯಾವ ಧೈರ್ಯದ ಮೇಲೆ ಹೋದೆಯಮ್ಮ?"

ಜೋರಾಗಿ ಕೇಳಿದ್ದಲ್ಲ, ಹೆದರಿಕೊಂಡು ಕೇಳಿದ್ದು. ಮಗಳು ಬೆಂಕಿ ಮುಟ್ಟಿದ್ದಾಳೆ ಎಂಬ ಹೆದರಿಕೆ. ಜೀವಮಾನವೆಲ್ಲ ಉಪದೇಶ ಮಾಡಿದವರಿಗೆ ಗಂಜಿಯ ಡಬರಿ, ಮದುವೆ ಕಾರ್ಡು ಎಂದು ಏನು ಹೇಳುವುದು. ಅವರ ಕೈಯಿಂದ ಲೋಟ ತೆಗೆದುಕೊಂಡೆ. ನಾಳೆ ಮೊದಲ ಭಾನುವಾರ. ಅಪ್ಪ ಮತ್ತೊಮ್ಮೆ ತಲೆ ಆಡಿಸಿದರೆ ನಾನು ಕೂತುಬಿಡುತ್ತೇನೋ ಎಂದು ನನಗೇ ಭಯವಾಯಿತು.

ಅಷ್ಟರಲ್ಲಿ ಪುಟ್ಟತಾಯಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಡಬರಿ, ಹಿತುಕಿದ ಬೇಳೆ ಸಾರಿನ ಘಮ.

"ನಿಮ್ ಮಗ್ಳಾ? ಮಳೆಗಾಲ್ದಲ್ಲಿ ಕಾಮಾಲೆ ಆಗಿ ಸಾಯಂಗಾಗಿದ್ಲು. ನೀವ್ ಒಬ್ರೂ ಬರ್ನಿಲ್ಲ."

ಅಪ್ಪ ನನ್ನ ಕಡೆ ತಿರುಗಿದರು. "ನಂಗೆ ಗೊತ್ತೇ ಇರಲಿಲ್ಲ ತಾಯಿ" ಎಂದರು.

"ಈಗ್ ಗೊತ್ತಾಯ್ತಲ್ಲ, ಉಣ್ಣಿ" ಎಂದು ಡಬರಿ ಇಟ್ಟು ಹೋದರು.

ಅಪ್ಪ ಪ್ರಾರ್ಥನೆ ಮಾಡಿದರು. ಊಟದ ಪ್ರಾರ್ಥನೆ ಅವರದು ಯಾವಾಗಲೂ ಉದ್ದ. ಅವತ್ತು ಒಂದೇ ಮಾತಿಗೆ ಮುಗಿಯಿತು. ಮುದ್ದೆ ಮುರಿದು ಸಾರಿಗೆ ಅದ್ದಿ ನಿಧಾನವಾಗಿ ಉಂಡರು. ನಾನು ಬೇಡವೆಂದರೂ ಕೇಳದೆ ಡಬರಿಯನ್ನು ತಾವೇ ಹೊರಗೆ ಒಯ್ದು, ಬೂದಿ ಹಾಕಿ ಉಜ್ಜಿ ತೊಳೆದು ತಂದರು. ಆಮೇಲೆ ಅದನ್ನು ಹಿಡಿದುಕೊಂಡು ಕೋಣೆಯ ನಡುವೆ ನಿಂತರು. ಚೀಲ ತೆಗೆದು ತಡಕಾಡಿದರು. ಅದರಲ್ಲಿ ಒಂದು ಪಂಚೆ, ಅಂಗಿ, ಹಾಡಿನ ಪುಸ್ತಕ.

"ಸಕ್ಕರೆ ಇದೆಯಾಮ್ಮ ಒಂಚೂರು?"

ಗೂಡಿನಲ್ಲಿ ಡಬ್ಬಿಯ ತುಂಬ ಸಕ್ಕರೆ ಇತ್ತು.

"ಇಲ್ಲ ಅಪ್ಪ" ಎಂದೆ. "ಹಾಗೇ ಕೊಟ್ಟು ಬನ್ನಿ."

"ಖಾಲಿ ಪಾತ್ರೆನಾ? ಅಷ್ಟು ಮಾಡಿದೋರಿಗೆ?"

"ಖಾಲಿನೇ ಕೊಡಿ ಅಪ್ಪ. ಅವರು ಏನೂ ಅನ್ಕೊಳಲ್ಲ."

ಅಪ್ಪ ಹೆಗಲ ಮೇಲಿನ ಟವಲು ಸರಿಮಾಡಿಕೊಂಡು ಹಿತ್ತಲು ದಾಟಿದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಪುಟ್ಟತಾಯಮ್ಮನ ಜಗಲಿಯ ಮುಂದೆ ನಿಂತು, ತಲೆ ತಗ್ಗಿಸಿ, ಬರಿದಾದ ಡಬರಿಯನ್ನು ಎರಡೂ ಕೈಯಲ್ಲಿ ಮುಂದಕ್ಕೆ ಚಾಚಿದರು. ರೊಟ್ಟಿಯ ತಟ್ಟೆ ಹಿಡಿದು ನಿಲ್ಲುತ್ತಿದ್ದ ಕೈಗಳು ಅವು. ಪುಟ್ಟತಾಯಮ್ಮ ಅದನ್ನು ತೆಗೆದುಕೊಂಡು ಒಳಗೆ ಹೋದರು. ಅಪ್ಪ ಹಿಂದಿರುಗಲು ತಿರುಗಿದ್ದರು. "ಇರಿ ಸ್ವಾಮಿ, ಎಲ್ಲೋಗ್ತೀರಾ" ಎಂದು ಒಳಗಿಂದಲೇ ಕೂಗಿದರು. ಅಪ್ಪ ನಿಂತರು. ಡಬರಿ ಹೊರಗೆ ಬಂದಾಗ ಅದರಲ್ಲಿ ಮತ್ತೆ ಸಾರು ತುಂಬಿತ್ತು.

ತುಳುಕದ ಹಾಗೆ ಸಣ್ಣ ಸಣ್ಣ ಹೆಜ್ಜೆ ಇಡುತ್ತಾ ಅಪ್ಪ ವಾಪಸು ಬಂದರು. ಡಬರಿಯನ್ನು ಸ್ಟವ್ವಿನ ಪಕ್ಕ ಇಟ್ಟರು.

"ಖಾಲಿ ಕೊಟ್ರೆ ಮತ್ತೆ ತುಂಬಿಸಿ ಕೊಟ್ಬಿಟ್ರಲ್ಲಮ್ಮ" ಎಂದರು, ದೂರು ಹೇಳುವವರ ಹಾಗೆ.

"ಅವರು ಹಾಗೇ ಅಪ್ಪ."

ಮಂಚದ ಅಂಚಿನಲ್ಲಿ ಕೂತು ಕೈಯ ಒದ್ದೆಯನ್ನು ಟವಲಿಗೆ ಒರೆಸಿಕೊಂಡರು. ಒರೆಸಿಕೊಂಡೇ ಇದ್ದರು. ಹೊರಗೆ ಊರಿನ ಕೊನೆಯ ಬಸ್ಸು ಹಿತ್ತಲನ್ನು ಬೆಳಗಿಸಿ ಹೋಯಿತು.

"ನಾಳೆ ಎಷ್ಟು ಗಂಟೆಗೆ ಹೊರಡಬೇಕು ನಾವು?" ಎಂದು ಅಪ್ಪ ಕೇಳಿದರು.